ನೀರು ಕುಡಿ ಅಂದ ದನಿ

ಕ್ಯಾಮರಾ ಹೊತ್ತು ಊರೂರು ತಿರುಗುವ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ನಮ್ಮ ಕಾಡಿನ ಜನರ ಬಗ್ಗೆ ನೀನು ಮಾಡುತ್ತಿರುವ ಸಿನಿಮಾವನ್ನು ನಿನ್ನಪ್ಪ ಫೋನಿನಲ್ಲಿ ತೋರಿಸಿದ. ಹಿಂದೆ ಬಂದ ಸಿನಿಮಾದವರು ನಮ್ಮ ತಲೆಗೆ ಗರಿ ಸಿಕ್ಕಿಸಿ "ಕುಣೀರಿ" ಅಂದಿದ್ದರು. ನೀನು ನಾವು ಇದ್ದ ಹಾಗೇ ತೋರಿಸಿದ್ದೀಯ, ಸಂತೋಷ. ಆದರೆ ನಾನು ನಿನ್ನಮ್ಮನನ್ನು ಬೈಯುವುದನ್ನೂ ಬಿಡದೆ ಹಾಕಿದ್ದೀಯಲ್ಲ, ನಿನಗೆ ಏನು ತಿನ್ನಿಸಿ ಬೆಳೆಸಿದೆವೋ!

ಅದರಲ್ಲಿ ಎಲ್ಲರೂ ಇದ್ದಾರೆ, ನಾಯಿಯೂ ಇದೆ, ನೀನೊಬ್ಬಳೇ ಇಲ್ಲ. ಬುಟ್ಟಿ ಹೆಣೆಯುತ್ತಾ, ಕಾಡು ಬಿಟ್ಟು ಬಂದ ಕಥೆ ಹೇಳುವಾಗ ನನಗೆ ಕೆಮ್ಮು ಹತ್ತುತ್ತದೆ. ಆಗ ಕ್ಯಾಮರಾದ ಹಿಂದಿನಿಂದ ನಮ್ಮ ಜನರ ಮಾತಿನಲ್ಲೇ, "ಅಜ್ಜೀ, ಸಾಕು, ಮೊದ್ಲು ನೀರು ಕುಡಿ" ಅನ್ನುತ್ತೀಯ. ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳುತ್ತೇನೆ. "ಫೋನು ಸವೆದು ಹೋಗುತ್ತಮ್ಮಾ" ಅಂತ ನಿನ್ನಪ್ಪ ಗೊಣಗುತ್ತಾನೆ. ನಾನು ಫೋನ್ ಮಾಡಿದರೆ ನೀನು "ಶೂಟಿಂಗ್ ಇದೆ, ಆಮೇಲೆ" ಅನ್ನುತ್ತೀಯ. ಸಿನಿಮಾದಲ್ಲಿ ಮಾತ್ರ ನಿನಗೆ ಅವಸರವಿಲ್ಲ.

ಈಗ ಸಿನಿಮಾ ಕತ್ತರಿಸಿ ಜೋಡಿಸುವ ನಿನ್ನ ಗೆಳೆಯ, ಕ್ಯಾಮರಾ ಹಿಡಿದವರ ದನಿ ಕೇಳಿಸಬಾರದು, ಆ ಮಾತು ತೆಗೆದುಬಿಡೋಣ ಅಂದನಂತೆ. ಅವನಿಗೆ ಅಜ್ಜಿ ಇಲ್ಲವೇನೇ? ಕತ್ತರಿ ಆಡಿಸಲೇಬೇಕು ಅಂದರೆ ನನ್ನ ಮುಖ ತೆಗೆದುಹಾಕಲಿ. ಅದು ನನಗೆ ಕನ್ನಡಿಯಲ್ಲೂ ಸಿಗುತ್ತದೆ. ನಿನ್ನ ದನಿಯನ್ನು ಎಲ್ಲಿ ಹುಡುಕಲಿ, ಮಗಳೇ?

ಇಷ್ಟು ಬರೆದು ಬೆರಳು ನೋಯಿಸಿಕೊಂಡ,
ನಿನ್ನ ಅಜ್ಜಿ