ಕಿಟಕಿಯಿದ್ದ ವಾರ್ಡು

ಅಕ್ಕಾ,

ನೀನು ಇಂಗ್ಲಿಷ್ ಹೇಳಿಕೊಡುತ್ತಿದ್ದ ಪಕ್ಕದ ಮನೆ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಇವತ್ತು ಮೆಟ್ಟಿಲ ಮೇಲೆ ಕೂತು ‘ಪ್ಯಾಲಿಯೇಟಿವ್’ ಅಂತ ಉರು ಹೊಡೆಯುತ್ತಿದ್ದಳು.

“ಅದು ನಮ್ಮಕ್ಕನ ವಾರ್ಡಿನ ಹೆಸರು ಕಣೇ” ಅಂದೆ.

“ಬರೀ ಹೆಸರಲ್ಲ ಚಿಕ್ಕಮ್ಮ. ಇನ್ನು ವಾಸಿಯಾಗಲ್ಲ ಅಂದಾಗ ನೋವು ಮಾತ್ರ ಕಡಿಮೆ ಮಾಡೋದು” ಅಂದಳು.



ನಿನ್ನನ್ನು ಅಲ್ಲಿಗೆ ಸಾಗಿಸಿದ ದಿನ ಬಾಗಿಲ ಮೇಲಿನ ಬೋರ್ಡನ್ನು ನಾನೇ ಅಕ್ಷರ ಕೂಡಿಸಿ ಓದಿದ್ದೆ. “ಒಳ್ಳೇ ವಾರ್ಡು ಅಕ್ಕಾ. ಕಿಟಕಿ ಇದೆ, ಸೂಜಿ ಕಾಟಾನೂ ಇಲ್ಲ. ವಾಸಿಯಾಗ್ತಿದೆ ಅಂತಾನೇ ಅರ್ಥ” ಅಂದಿದ್ದೆ.

“ಹೂಂ ಕಣೇ, ಇನ್ನಾದ್ರೂ ಗಾಬರಿ ಬಿಟ್ಟು ಮಲಕ್ಕೋ” ಅಂತ ನೀನು ನಕ್ಕಿದ್ದೆ.

ಮಂಚದ ಕೆಳಗೆ ಚಾಪೆ ಹಾಸಿಕೊಂಡು ನಾನು ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಮೇಲೆ ನೀನೊಬ್ಬಳೇ ಎಚ್ಚರವಾಗಿದ್ದೆಯಾ, ಅಕ್ಕಾ?