ಒಂದು ಬೆರಳು, ಎರಡು ಬೆರಳು

ಮಂಗಳವಾರ, ಮಾರ್ಚ್ 4. ಮ್ಯಾಡ್ರಿಡ್.

ಇವತ್ತು ಸಂಸತ್ತಿನಲ್ಲಿ ಹದಿನೇಳು ಮತದಾನ. ಒಂದನ್ನು ಬಿಟ್ಟು ಯಾವ ಕಾಗದವನ್ನೂ ಓದಿರಲಿಲ್ಲ. ಫೆರ್ಮಿನ್‌ನ ಕೈ ನೋಡಿದೆ, ಅಷ್ಟೆ. ನಮ್ಮ ಪಕ್ಷದ ಸಚೇತಕ. ಮುಂದಿನ ಸಾಲಿನಲ್ಲಿ ಎದ್ದು ಕೈ ಎತ್ತುತ್ತಾನೆ. ಒಂದು ಬೆರಳು — ಹೌದು. ಎರಡು — ಇಲ್ಲ. ಮೂರು — ತಟಸ್ಥ. ಹಿಂದೆ ಕೂತ ನಾವೆಲ್ಲ ಬಟನ್ ಒತ್ತುತ್ತೇವೆ.

ಸರಗೋಸಾದಲ್ಲಿ, ಪ್ರಾಂತ್ಯ ಸರ್ಕಾರದ ನೀರಾವರಿ ಮಂತ್ರಿಯಾಗಿದ್ದ ಆರು ವರ್ಷ, ಓದದ ಕಡತಕ್ಕೆ ಸಹಿ ಹಾಕಿದವಳಲ್ಲ. ಇಲ್ಲಿ ಮೂರರವರೆಗೆ ಎಣಿಸಲು ಬಂದರೆ ಸಾಕು.

ಅದೇ ದಿನ, ಸಂಜೆ 6

ಫೆರ್ಮಿನ್ ಕಾಫಿಗೆ ಕರೆದ. ಮುಂದಿನ ವಾರ ಅರಾಸ್ತ ಅಣೆಕಟ್ಟು ಮಸೂದೆ ಬರುತ್ತದಂತೆ. ಬಜೆಟ್‌ಗೆ ಬೆಂಬಲ ಕೊಡಲು ಇನ್ನೊಂದು ಪಕ್ಷ ಕೇಳಿದ್ದು ಇದನ್ನೇ. ಅರಾಸ್ತ — ನನ್ನ ಊರು. ಮಂತ್ರಿಯಾಗಿದ್ದಾಗ ಈ ಅಣೆಕಟ್ಟನ್ನು ನಿಲ್ಲಿಸಿದ ಸಹಿ ನನ್ನದು. ಊರು ಮುಳುಗಲು ಬಿಡುವುದಿಲ್ಲ ಎಂದು ಚರ್ಚಿನ ಮುಂದೆ ನಿಂತು ಮಾತು ಕೊಟ್ಟದ್ದೂ ನಾನೇ.

"ಪರಿಸರ ಖಾತೆ ಕಾರ್ಯದರ್ಶಿ ಹುದ್ದೆ ಖಾಲಿ ಇದೆ, ಒರೋಸಿಯಾ. ಮಂತ್ರಿಗಿಂತ ಒಂದೇ ಮೆಟ್ಟಿಲು ಕೆಳಗೆ. ನಿನ್ನ ಹೆಸರು ಹೇಳಿದೀನಿ."

"ಊರು ಮುಳುಗಿಸಿದವಳಿಗೆ ಪರಿಸರ ಖಾತೆ. ಚೆನ್ನಾಗಿದೆ."

"ಆ ಊರಲ್ಲಿ ಈಗ ಎಷ್ಟು ಜನ ಇದಾರೆ?"

"ನಲವತ್ತೊಂದು."

"ನಲವತ್ತೊಂದು," ಅಂದು ಸಕ್ಕರೆ ಕಲಕಿದ. ಇಪ್ಪತ್ತು ವರ್ಷದ ಗೆಳೆಯ. ನನ್ನನ್ನು ಪಕ್ಷಕ್ಕೆ ಕರೆತಂದವನೇ ಅವನು.

ಭಾನುವಾರ, ಮಾರ್ಚ್ 9. ಅರಾಸ್ತ.

ಚರ್ಚು ಮುಗಿದ ಮೇಲೆ ಬಾರಿನಲ್ಲಿ ಎಂದಿನಂತೆ ಇಸ್ಪೀಟು. ಬೆನಿತಾ ಚಿಕ್ಕಮ್ಮನಿಗೆ ಜೋಡಿಯಾಗಿ ಕೂತೆ. ಮಸೂದೆಯ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ಯಾರೂ ಕೇಳಲಿಲ್ಲ — ಅದೇ ಕಷ್ಟ. ಕೊನೆಗೆ ಚಿಕ್ಕಮ್ಮ, ಎಲೆ ಜೋಡಿಸಿಕೊಳ್ಳುತ್ತ:

"ಅಲ್ಲಿ ಒಬ್ಬ ಬೆರಳು ತೋರಿಸ್ತಾನಂತೆ, ನೀವು ಒತ್ತೀರಂತೆ?"

"ಹೌದು, ಚಿಕ್ಕಮ್ಮ."

"ಇಲ್ಲಿ ಜೋಡಿಗೆ ಸನ್ನೆ ಮಾಡಿದ್ರೆ ಎಬ್ಬಿಸಿ ಕಳಿಸ್ತೀವಿ."

ಬಾರಿನ ಯಜಮಾನ ಸೆವೆರಿನೋ ಲೋಟ ಒರೆಸುತ್ತಿದ್ದ. "ಅವಳಿಗೆ ಗೊತ್ತಿಲ್ವಾ? ಹನ್ನೆರಡು ವರ್ಷದವಳಿದ್ದಾಗ ಎಬ್ಬಿಸಿದ್ದು ನೀವೇ ತಾನೇ?"

ಎಲ್ಲರೂ ನಕ್ಕರು. ನಾನೂ. ನಗುವಿನಲ್ಲಿ ತಪ್ಪು ಎಲೆ ಎಸೆದೆ. ಎತ್ತಿಕೊಳ್ಳಲು ಕೈ ಚಾಚಿದರೆ ಚಿಕ್ಕಮ್ಮ ನನ್ನ ಮಣಿಕಟ್ಟಿಗೆ ಹೊಡೆದಳು.

"ಬಿದ್ದ ಎಲೆ ಬಿತ್ತು. ಈಗ ಅದನ್ನೇ ಇಟ್ಕೊಂಡು ಆಡು."

ಬುಧವಾರ, ಮಾರ್ಚ್ 12. ಮ್ಯಾಡ್ರಿಡ್.

ಫೆರ್ಮಿನ್‌ನಿಂದ ಮೂರು ಸಲ ಫೋನ್. ಎತ್ತಲಿಲ್ಲ. ಮಸೂದೆ ಪೂರ್ತಿ ಓದಿದೆ. ಅರಾಸ್ತದ ಹೆಸರು ಒಂದೇ ಕಡೆ, ಅದೂ ಅಡಿಟಿಪ್ಪಣಿಯಲ್ಲಿ.

ಗುರುವಾರ, ಮಾರ್ಚ್ 13. ಮಧ್ಯಾಹ್ನ 1:10

ಅಣೆಕಟ್ಟು ಮಸೂದೆ. ಫೆರ್ಮಿನ್ ಒಂದು ಬೆರಳು ಎತ್ತಿದ. ನಾನು ಕೆಂಪು ಒತ್ತಿದೆ — ಇಲ್ಲ.

ಫಲಕದಲ್ಲಿ 173–173. ಗುಲ್ಲೆದ್ದಿತು. ಎರಡನೇ ಸಲ ಮತಕ್ಕೆ ಹಾಕಿದರು. ಮತ್ತೆ ಒಂದು ಬೆರಳು, ಮತ್ತೆ ಕೆಂಪು, ಮತ್ತೆ ಸಮ. ಅರ್ಧ ಗಂಟೆ ವಿರಾಮ. ಮೂರನೇ ಸಲವೂ ಸಮವಾದರೆ ಮಸೂದೆ ಬಿತ್ತು — ಸದನದ ನಿಯಮ.

1:25

ಫೆರ್ಮಿನ್ ಪಕ್ಕದ ಖಾಲಿ ಸೀಟಿಗೆ ಬಂದು ಕೂತ. ಕೈಯಲ್ಲಿ ಟೈಪು ಮಾಡಿದ ಕಾಗದ: ಆತುರದಲ್ಲಿ ತಪ್ಪು ಬಟನ್ ಒತ್ತಿದೆ, ವಿಷಾದವಿದೆ.

"ಸಹಿ ಹಾಕು. ಎಲ್ಲರಿಗೂ ಆಗತ್ತೆ. ನಂಗೂ ಆಗಿದೆ ಒಂದ್ಸಲ."

"ನಿಂಗೆ ನಿಜವಾಗ್ಲೂ ತಪ್ಪಾಗಿತ್ತಾ?"

ಕಾಗದವನ್ನು ನನ್ನತ್ತ ತಳ್ಳಿದ. ಆಮೇಲೆ ದನಿ ತಗ್ಗಿಸಿ: "ಎರಡು ಸಲ ತಪ್ಪಿದ್ಲು ಅಂದ್ರೆ ಜನ ನಗ್ತಾರೆ, ಮರೀತಾರೆ. ಮೂರನೇದನ್ನ ಯಾರೂ ತಪ್ಪು ಅನ್ನಲ್ಲ. ಆಮೇಲೆ ಯಾವ ಚುನಾವಣೆ ಪಟ್ಟಿಯಲ್ಲೂ ನಿನ್ನ ಹೆಸರಿರಲ್ಲ. ಇಲ್ಲೂ ಇಲ್ಲ, ಸರಗೋಸಾದಲ್ಲೂ ಇಲ್ಲ."

"ಗೊತ್ತು."

"ನಲವತ್ತೊಂದು ಜನಕ್ಕೋಸ್ಕರ?"

"ನಲವತ್ತೆರಡು. ನನ್ನನ್ನೂ ಸೇರಿಸ್ಕೋ."

ಕಾಗದವನ್ನು ನನ್ನ ಮುಂದೆ ಬಿಟ್ಟು ಎದ್ದು ಹೋದ. ಮಡಚಿ ಈ ಪುಸ್ತಕದ ನಡುವೆ ಇಟ್ಟೆ. ಪುಟದ ಗುರುತಿಗೆ ಆಗುತ್ತದೆ.

1:42

ಗಂಟೆ ಹೊಡೆಯಿತು. ಬಾಗಿಲು ಹಾಕಿದರು. ಫೆರ್ಮಿನ್ ಎದ್ದಿದ್ದಾನೆ. ಎಲ್ಲರೂ ಅವನ ಕೈ ನೋಡುತ್ತಿದ್ದಾರೆ, ಅವನು ನನ್ನನ್ನು. ಎಷ್ಟು ಬೆರಳೋ — ಆಮೇಲೆ ತಲೆ ಎತ್ತಿಲ್ಲ. ಬಲಗೈ ಬರೆಯುತ್ತಿದೆ, ಎಡಗೈ ಕೆಂಪಿನ ಮೇಲಿದೆ. ತಪ್ಪಿ ಒತ್ತಿದ್ದಲ್ಲ, ಇಲ್ಲಿ ಬರೆದಿಡುತ್ತೇನೆ, ಮೂರು ಸಲವೂ ಅಲ್ಲ. ಅಧ್ಯಕ್ಷರು ಶುರು ಎಂದರು. ಬಿದ್ದ ಎಲೆಯನ್ನು ಎತ್ತಿಕೊಳ್ಳುವುದಿಲ್ಲ.