ದೇವರಿಗೆ ಟ್ರಾನ್ಸ್‌ಫರ್

ಬರೋಡಾ, ಜೂನ್ ೧೯೯೬

ಪೂಜ್ಯ ಅತ್ತೆಯವರಿಗೆ,

ಸುಲೋಚನಾ ನಮಸ್ಕರಿಸಿ ಬರೆಯುವುದು. ಮೊದಲು ನೀವು ಕಾಯುತ್ತಿರುವ ಸುದ್ದಿ: ನಿನ್ನೆ ಮಧ್ಯಾಹ್ನ ಹಿಡಿದ ಮಳೆ ಸಂಜೆಯವರೆಗೂ ಬಿಡಲಿಲ್ಲ. ದೇವರ ಮನೆಯೊಳಗೆ ಒಂದು ಹನಿಯೂ ಇಳಿಯಲಿಲ್ಲ.

ಮನೆ ಕಟ್ಟಿಸುವಾಗ, ದೇವರ ತಲೆಯ ಮೇಲೆ ಯಾರೂ ಓಡಾಡಬಾರದೆಂದು ನೀವು ಹೇಳಿದ್ದರಿಂದ ದೇವರ ಮನೆಯನ್ನು ಪಕ್ಕಕ್ಕೆ ತೆಗೆದು ಬೇರೆಯೇ ತಗ್ಗು ತಾರಸಿ ಹಾಕಿಸಿದೆವು. ಮಹಡಿಯ ಗೋಡೆ ಆ ತಾರಸಿಗೆ ಸೇರುವ ಸಂದಿಯಲ್ಲೇ ಪ್ರತಿ ಮಳೆಗಾಲ ನೀರು ಇಳಿಯುತ್ತಿತ್ತು. ರಿಪೇರಿಗೆಂದರೂ ಅಲ್ಲಿ ಕಾಲಿಡಲು ನೀವು ಬಿಡಲಿಲ್ಲ. ಏಣಿಯ ಮೇಲೆ ನಿಂತೇ ಡಾಂಬರು ಮೆತ್ತಿಸುತ್ತಿದ್ದೆವು. ಬೇಸಿಗೆಯ ಬಿಸಿಲಿಗೆ ಅದು ಬಿರಿಯುತ್ತಿತ್ತು. ಮಳೆ ಬರುವಾಗ ನಾನು ಕಿಟಕಿಯ ಬಳಿ ಪದ್ಯದ ಪುಸ್ತಕ ಹಿಡಿದು ಕೂತರೆ, "ಪದ್ಯದ ಮಳೆಗೆ ಕೆಳಗೆ ಬಕೆಟ್ ಇಡಬೇಕಾಗಿಲ್ಲ ನೋಡು" ಎನ್ನುತ್ತಿದ್ದಿರಿ.

ಕಳೆದ ವರ್ಷ ನಿಮ್ಮ ತವರಿನ ನರಸಿಂಹನ ಪಟಕ್ಕೆ ನೀರು ತಾಗಿದಾಗ ಮಾತ್ರ ನೀವು ಬೈಯಲೂ ಇಲ್ಲ. ಈ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ, "ದೇವರು ಒಳಗಿದ್ದರೆ ತಾನೆ ತಲೆ ಮೇಲೆ ಕಾಲಿಟ್ಟ ಹಾಗೆ? ಅವರಿಗೂ ಟ್ರಾನ್ಸ್‌ಫರ್ ಆಯ್ತು ಅಂದ್ಕೋ. ಟ್ರಂಕು ತೆಗಿ" ಎಂದಿರಿ. ನಿಮ್ಮ ಮಗನ ಬ್ಯಾಂಕ್ ಕೆಲಸದ ಹಿಂದೆ ಊರೂರು ಸುತ್ತಿದ ಟ್ರಂಕು. ನನಗೆ ನಗು ಬಂತು. ಆದರೆ ದೇವರನ್ನು ಅದರಲ್ಲಿಟ್ಟುಕೊಂಡು ಸೂರತ್ತಿಗೆ ಮಗಳ ಮನೆಗೆ ಹೊರಟವರು ಬಾಗಿಲಲ್ಲಿ ನಿಂತು, "ಈ ಸಲವೂ ಸೋರಿದರೆ ದೇವರೂ ನಾನೂ ರುಕ್ಮಿಣಿ ಹತ್ರಾನೇ ಇದ್ದುಬಿಡ್ತೀವಿ" ಎಂದಿರಿ. ಆ ಮಾತು ನನ್ನನ್ನು ತಿಂಗಳಿಡೀ ಕಾಡಿತು.

ಈ ಸಲ ಮಹಡಿಯ ಗೋಡೆಯಲ್ಲಿ ತಾರಸಿಯಿಂದ ಗೇಣೆತ್ತರಕ್ಕೆ ಉದ್ದಕ್ಕೂ ಸೀಳು ಕೊರೆಸಿ, ಮಡಿಸಿದ ತಗಡಿನ ಮೇಲಂಚನ್ನು ಅದರೊಳಗೆ ತೂರಿಸಿ ಗಾರೆ ತುಂಬಿಸಿದ್ದೇವೆ. ಕೆಳಗಿನ ಅಂಚು ತಾರಸಿಯ ಮೇಲೆ ಹಾಸಿಕೊಂಡಿದೆ. ಗೋಡೆಯಿಂದ ಇಳಿದ ನೀರು ಸಂದಿಗೆ ಹೋಗದೆ ತಗಡಿನ ಮೇಲೇ ಹರಿದು ಹೋಗುತ್ತದೆ. ಗಾರೆಯವನು, ದೇವರು ಮನೆಯಲ್ಲಿಲ್ಲ ತಾನೆ ಎಂದು ಗುಜರಾತಿಯಲ್ಲಿ ಕೇಳಿಕೊಂಡೇ ಮೇಲೆ ಹತ್ತಿದ. "ಸೂರತ್ ಗಯಾ ಛೆ" ಎಂದೆ.

ನಿನ್ನೆ ಮಳೆ ಶುರುವಾದಾಗ ಬರಿದಾದ ದೇವರ ಮನೆಯಲ್ಲಿ ಗೋಡೆಗೆ ಅಂಗೈ ಒತ್ತಿ ಕೂತೆ. ಎಷ್ಟೋ ಹೊತ್ತಾದರೂ ಕೈಗೆ ತಣ್ಣಗೆನಿಸಲಿಲ್ಲ. ಆಮೇಲೆ ಪುಸ್ತಕವನ್ನೂ ತೆರೆಯಲಿಲ್ಲ, ಬಕೆಟ್ಟನ್ನೂ ಹುಡುಕಲಿಲ್ಲ. ಸುಮ್ಮನೆ ಮಳೆ ಕೇಳಿದೆ. ನಿಮ್ಮ ಮಾತೊಂದೇ ಕಡಿಮೆಯಾಗಿತ್ತು.

ಪೀಠ ಒರೆಸಿಟ್ಟಿದ್ದೇನೆ. ಪಟದ ಮೊಳೆ ಹಳೆಯ ಜಾಗದಲ್ಲೇ ಇದೆ. ಭಾನುವಾರ ಇವರು ಸೂರತ್ತಿಗೆ ಬರುತ್ತಾರೆ. ದೇವರಿಗೆ ವಾಪಸ್ ಬರೋಡಾಕ್ಕೇ ಆರ್ಡರ್ ಬಂದಿದೆ ಎಂದು ಹೇಳಿ, ಟ್ರಂಕು ಕಟ್ಟಿ.

ಬಂದು ತಲೆಯ ಮೇಲೆ ಕೈಯಿಟ್ಟು ಹರಸುವಿರೆಂದು ಕಾದಿರುವ,
ನಿಮ್ಮ ಸೊಸೆ
ಸುಲೋಚನಾ